ದಾಟಿಸಿದ ಚೆಂಡು

1955ನೆಯ ಇಸವಿ ಮಾರ್ಚ್ ತಿಂಗಳ 19ನೆಯ ತಾರೀಖಿನ ರಾತ್ರಿ. ಅಮೆರಿಕದ ಇಂಡಿಯಾನ ಸಂಸ್ಥಾನದ ರಾಜಧಾನಿಯಾದ ಇಂಡಿಯಾನಾಪೊಲಿಸ್ ನಗರದ ಬೀದಿಗಳಲ್ಲಿ ಬೆಂಕಿ ನಂದಿಸುವ ವಾಹನವೊಂದು ಸಾಗುತ್ತಿತ್ತು. ಬೆಂಕಿ ಎಲ್ಲಿಯೂ ಬಿದ್ದಿರಲಿಲ್ಲ. ವಾಹನದ ಮೇಲೆ ಇದ್ದವರು ಕ್ರಿಸ್ಪಸ್ ಆಟಕ್ಸ್ ಪ್ರೌಢಶಾಲೆಯ ಹುಡುಗರು. ಸಂಸ್ಥಾನದ ಶಾಲೆಗಳ ಬ್ಯಾಸ್ಕೆಟ್ ಬಾಲ್ ಪಂದ್ಯಾಟದಲ್ಲಿ ಅವರು ಆಗತಾನೆ ಪ್ರಶಸ್ತಿ ಗೆದ್ದಿದ್ದರು. ಗೆದ್ದ ತಂಡವನ್ನು ನಗರದ ನಡುವೆ ಇರುವ ಸ್ಮಾರಕಸ್ತಂಭದ ವೃತ್ತಕ್ಕೆ ಕರೆತಂದು, ಅಲ್ಲಿ ಜನರೆಲ್ಲ ನೆರೆದು ಸಂಭ್ರಮಿಸುವುದು ಆ ಊರಿನ ವಾಡಿಕೆ. ಹುಡುಗರು ಆ ಗಳಿಗೆಗಾಗಿ ಕಾದಿದ್ದರು. ವಾಹನವು ವೃತ್ತವನ್ನು ಒಂದು ಸುತ್ತು ಸುತ್ತಿತು, ನಿಲ್ಲಲಿಲ್ಲ. ನೆಟ್ಟಗೆ ಮುಂದೆ ಹೋಗಿ, ಕಪ್ಪುಜನರ ಬಡಾವಣೆಯ ಉದ್ಯಾನವೊಂದರಲ್ಲಿ ಅವರನ್ನು ಇಳಿಸಿತು. ಸಂಭ್ರಮವೆಲ್ಲ ಅಲ್ಲಿಯೇ ನಡೆಯಲಿ ಎಂಬುದು ನಗರದ ಅಧಿಕಾರಿಗಳ ಅಪ್ಪಣೆಯಾಗಿತ್ತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗೆದ್ದ ಹುಡುಗರೆಲ್ಲರೂ ಕಪ್ಪು ಬಣ್ಣದವರು. ಅವರ ಜನ ನಗರದ ನಡುವೆ ಗುಂಪುಗೂಡಿದರೆ ದೊಂಬಿಯಾದೀತೆಂದು ಅಧಿಕಾರಿಗಳು ಅಂಜಿದ್ದರು. ಕಪ್ಪು ವಿದ್ಯಾರ್ಥಿಗಳೇ ತುಂಬಿದ್ದ ಶಾಲೆಯೊಂದು ಎಲ್ಲ ಶಾಲೆಗಳೂ ಸ್ಪರ್ಧಿಸುವ ಸಂಸ್ಥಾನ ಮಟ್ಟದ ಪ್ರಶಸ್ತಿಯನ್ನು ಗೆದ್ದುದು ಅಮೆರಿಕದಲ್ಲಿ ಅದೇ ಮೊದಲು. ಆ ಚರಿತ್ರಾರ್ಹ ರಾತ್ರಿಯಲ್ಲಿ ತಂಡದ ಅತ್ಯುತ್ತಮ ಆಟಗಾರನಾದ ಹದಿನಾರು ವರ್ಷದ ಹುಡುಗನೊಬ್ಬ ಉದ್ಯಾನದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಬೇಗನೆ ತಂದೆಯ ಮನೆಗೆ ಹಿಂದಿರುಗಿ, ಈ ಊರಿನವರಿಗೆ ನಾವು ಬೇಡವಾಗಿದ್ದೇವೆ ಎಂದು ತಂದೆಯೊಡನೆ ಹೇಳಿಕೊಂಡ. ಅವನ ಹೆಸರು ಆಸ್ಕರ್ ರಾಬರ್ಟ್‌ಸನ್.

ಮುಂದೆ ಅವನು ಬ್ಯಾಸ್ಕೆಟ್ ಬಾಲ್ ಆಟದ ಅತಿರಥರಲ್ಲಿ ಒಬ್ಬನೆನಿಸಿಕೊಂಡ. ಅವನ ಹೆಸರಿನ ಮುಂದೆ ಬರೆಯುವ ಅಂಕಿಗಳನ್ನು ಅಮೆರಿಕದ ಕ್ರೀಡಾಪ್ರಿಯರು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಆ ರಾತ್ರಿ ಅವನ ಮನಸ್ಸಿನಲ್ಲಿ ಮೂಡಿದ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರವಿರಲಿಲ್ಲ. ಆಡುವಾಗ ಚಪ್ಪಾಳೆ ತಟ್ಟುವ ಜನ, ಆಟ ಮುಗಿದೊಡನೆ ಆಟಗಾರನನ್ನು ಮನುಷ್ಯನೆಂದು ಎಣಿಸದಿರುವುದು ಏಕೆ? ಅವನ ಬಾಳಿನ ಕಥೆಯೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿ ಹೋದ ಕಥೆ.

ಆಸ್ಕರ್ ಹುಟ್ಟಿದ್ದು 1938ರ ನವೆಂಬರ್ 24ರಂದು, ಟೆನೆಸಿ ಸಂಸ್ಥಾನದ ಷಾರ್ಲಟ್ ಎಂಬ ಹಳ್ಳಿಗಾಡಿನಲ್ಲಿ. ಅವನಿನ್ನೂ ಎಳೆಯ ಮಗುವಾಗಿದ್ದಾಗಲೇ ಕುಟುಂಬವು ಉತ್ತರದ ಕಡೆ ಬದುಕು ಹಸನಾದೀತೆಂದು ನಂಬಿ ಇಂಡಿಯಾನಾಪೊಲಿಸ್ ನಗರಕ್ಕೆ ಬಂದು ನೆಲೆಸಿತು. ದೊರೆತದ್ದು ಬಡವರ ಕೇರಿಯ ಬಾಳು. ಬೇಸ್ ಬಾಲ್ ಆಡಲು ಬೇಕಾದ ದಾಂಡು, ಕೈಗವಸು ಮೊದಲಾದ ಸಲಕರಣೆಗಳಿಗೆ ಆ ಕೇರಿಯ ಮಕ್ಕಳಲ್ಲಿ ಕಾಸಿರಲಿಲ್ಲ. ಬ್ಯಾಸ್ಕೆಟ್ ಬಾಲಿಗಾದರೆ ಒಂದು ಚೆಂಡು, ಒಂದು ಬುಟ್ಟಿ ಇದ್ದರೆ ಸಾಕು. ಆಸ್ಕರನಿಗೆ ಆ ಚೆಂಡೂ ಇರಲಿಲ್ಲ. ಹರಕು ಬಟ್ಟೆಗಳನ್ನು ಉಂಡೆಮಾಡಿ ರಬ್ಬರ್ ಪಟ್ಟಿಯಿಂದ ಬಿಗಿದು, ಮನೆಯ ಹಿಂದೆ ಕಟ್ಟಿದ ಹಣ್ಣಿನ ಬುಟ್ಟಿಯೊಳಕ್ಕೆ ಎಸೆಯುತ್ತಿದ್ದ. ಒಮ್ಮೊಮ್ಮೆ ಹಳೆಯ ಟೆನಿಸ್ ಚೆಂಡು ಸಿಕ್ಕಿದರೆ ಅದೇ ಹಬ್ಬ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಈ ಆಟವನ್ನು ಮೊದಲು ಆಡಿಸಿದಾಗಲೂ ಕಟ್ಟಿದ್ದು ಅಂಥದೇ ಹಣ್ಣಿನ ಬುಟ್ಟಿಗಳನ್ನು. ಆಟದ ಹುಟ್ಟಿನ ಬಡತನವೂ ಹುಡುಗನ ಬಡತನವೂ ಹೀಗೆ ಒಂದಕ್ಕೊಂದು ಹೊಂದಿಕೊಂಡವು.

ಈ ಆಟದ ಸ್ವಾರಸ್ಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಒಂದೊಂದು ಪಕ್ಷದಲ್ಲಿ ಐದೈದು ಮಂದಿ. ನೆಲದಿಂದ ಹತ್ತು ಅಡಿ ಎತ್ತರದಲ್ಲಿರುವ ಬಳೆಯೊಳಕ್ಕೆ ಚೆಂಡು ಹಾಕಿದವನಿಗೆ ಅಂಕ. ಗುರಿತಪ್ಪಿ ಪುಟಿದು ಬಂದ ಚೆಂಡನ್ನು ಹಾರಿ ಹಿಡಿದುಕೊಂಡರೆ ಅದು ರೀಬೌಂಡ್. ಇನ್ನು ಮೂರನೆಯದೊಂದಿದೆ. ತಾನು ಹಾಕಬಹುದಾದ ಚೆಂಡನ್ನು, ತನಗಿಂತ ಅನುಕೂಲವಾದ ಜಾಗದಲ್ಲಿ ನಿಂತ ಜೊತೆಗಾರನಿಗೆ ದಾಟಿಸಿ, ಅವನು ಅದನ್ನು ಬುಟ್ಟಿಗೆ ಹಾಕಿದರೆ ಅಂಕ ಅವನದು. ದಾಟಿಸಿದವನ ಲೆಕ್ಕಕ್ಕೆ ಬರುವುದು ಅಸಿಸ್ಟ್, ಅಂದರೆ ನೆರವು. ಹೆಸರು ಹೊತ್ತವನೊಬ್ಬ, ಹಾದಿ ಮಾಡಿದವನೊಬ್ಬ. ಅಂಕ ಗಳಿಸುವುದರಲ್ಲಿಯೂ ನೆರವು ನೀಡುವುದರಲ್ಲಿಯೂ ಏಕಕಾಲಕ್ಕೆ ಅಗ್ರಗಣ್ಯನಾಗುವುದು ಅಪೂರ್ವ. ಆಸ್ಕರ್ ಆ ಅಪೂರ್ವ ಜಾತಿಗೆ ಸೇರಿದವನು.

ಆಟಕ್ಸ್ ಶಾಲೆಯನ್ನು 1927ರಲ್ಲಿ ತೆರೆದದ್ದೇ ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರೆಯಿಡುವುದಕ್ಕಾಗಿ. 1770ರಲ್ಲಿ ಬಾಸ್ಟನ್ನಿನಲ್ಲಿ ಇಂಗ್ಲಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ವರ್ಣೀಯ ಕ್ರಿಸ್ಪಸ್ ಆಟಕ್ಸನ ಹೆಸರನ್ನು ಅದಕ್ಕೆ ಇಟ್ಟಿದ್ದರು. 1942ರವರೆಗೆ ಆ ಶಾಲೆಗೆ ಸಂಸ್ಥಾನದ ಪಂದ್ಯಾಟದೊಳಗೆ ಪ್ರವೇಶವೇ ಇರಲಿಲ್ಲ. ಪ್ರವೇಶ ದೊರೆತ ಮೇಲೂ ದೊಡ್ಡ ಪಂದ್ಯಗಳನ್ನು ನಡೆಸಲು ತಕ್ಕ ಅಂಗಣವಿರಲಿಲ್ಲ; ತಮ್ಮ ಊರಿನಲ್ಲಿಯೇ ಹುಡುಗರು ಪರಸ್ಥಳದವರಂತೆ ಆಡಬೇಕಾಗಿತ್ತು. ಶಿಕ್ಷಕ ರೇ ಕ್ರೋ ಈ ಹುಡುಗರನ್ನು ತಿದ್ದಿ ತಂಡವಾಗಿ ಕಟ್ಟಿದರು. 1954ರಲ್ಲಿ ಮಿಲನ್ ಎಂಬ ಪುಟ್ಟ ಊರಿನ ಶಾಲೆಯ ಎದುರು ಆ ತಂಡ ಸೋತಿತು. ಮಿಲನ್ ಶಾಲೆಯ ಆ ವರ್ಷದ ವಿಜಯದಿಂದ ಸ್ಫೂರ್ತಿ ಪಡೆದ ಚಲನಚಿತ್ರವೊಂದು 1986ರಲ್ಲಿ ಬಂದು ಜಗತ್ಪ್ರಸಿದ್ಧವಾಯಿತು. ಆದರೆ ಆಟಕ್ಸ್ ಮರುವರ್ಷ 32 ಪಂದ್ಯಗಳಲ್ಲಿ 31ನ್ನು ಗೆದ್ದಿತು. 1956ರಲ್ಲಿ ಆಡಿದ 31ನ್ನೂ ಗೆದ್ದು, ಇಂಡಿಯಾನದಲ್ಲಿ ಒಂದೂ ಸೋಲಿಲ್ಲದೆ ಪ್ರಶಸ್ತಿ ಪಡೆದ ಮೊದಲ ಶಾಲೆಯೆನಿಸಿತು.

ಅನಂತರ ಆಸ್ಕರ್ ಓಹಾಯೊ ಸಂಸ್ಥಾನದ ಸಿನ್ಸಿನಾಟಿ ವಿಶ್ವವಿದ್ಯಾನಿಲಯವನ್ನು ಸೇರಿದ. ಅಲ್ಲಿ ಆಡಿದ ಮೂರು ವರ್ಷಗಳಲ್ಲಿ ಪ್ರತಿವರ್ಷವೂ ದೇಶದ ಕಾಲೇಜು ಆಟಗಾರರಲ್ಲೆಲ್ಲ ಅಂಕ ಗಳಿಕೆಯಲ್ಲಿ ಅವನೇ ಮೊದಲಿಗ. 1958ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸುವಿಖ್ಯಾತ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದೇ ಪಂದ್ಯದಲ್ಲಿ 56 ಅಂಕ ಗಳಿಸಿ ಮಹಾನಗರವನ್ನು ಬೆರಗುಗೊಳಿಸಿದ. ಒಟ್ಟು 2,973 ಅಂಕಗಳ ಅವನ ದಾಖಲೆ 1970ರವರೆಗೆ ಅಳಿಯಲಿಲ್ಲ. ಆದರೂ ಕಾಲೇಜುಗಳ ರಾಷ್ಟ್ರಪ್ರಶಸ್ತಿ ಅವನ ಕೈಗೆ ಬರಲಿಲ್ಲ. ಎರಡು ಬಾರಿ ಉಪಾಂತ್ಯದವರೆಗೆ ಹೋಗಿ ತಂಡ ಸೋತಿತು. ಅವನು ಬಿಟ್ಟುಹೋದ ಮೇಲೆ 1961, 1962ರಲ್ಲಿ ಅದೇ ವಿಶ್ವವಿದ್ಯಾನಿಲಯ ಎರಡು ಬಾರಿ ಆ ಪ್ರಶಸ್ತಿಯನ್ನು ಗೆದ್ದಿತು. ವಿಧಿಗೂ ಒಂದು ವಿನೋದಬುದ್ಧಿಯಿದೆ!

ಆ ವಿದ್ಯಾರ್ಥಿದೆಸೆಯಲ್ಲಿ ಅವನು ಕಂಡ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ತಂಡವು ಟೆಕ್ಸಾಸಿನ ಹ್ಯೂಸ್ಟನ್ ನಗರಕ್ಕೆ ಹೋದಾಗ, ಉಳಿದವರೆಲ್ಲ ತಂಗಿದ್ದ ಹೋಟೆಲಿನಲ್ಲಿ ಅವನಿಗೆ ಎಡೆಯಿಲ್ಲವೆಂದರು. ಅವನು ತನ್ನ ಪೆಟ್ಟಿಗೆಯನ್ನು ಹೊತ್ತು ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾನಿಲಯವೊಂದರ ವಸತಿಗೃಹದಲ್ಲಿ ರಾತ್ರಿ ಕಳೆಯಬೇಕಾಯಿತು. ಪಂದ್ಯದಲ್ಲಿ ಅವನ ಕೈಯಿಂದ ಚೆಂಡು ಪಡೆದು ಅಂಕ ಗಳಿಸುವ ಜೊತೆಗಾರರು ಒಂದೆಡೆ, ಅವನೊಬ್ಬ ಇನ್ನೊಂದೆಡೆ. ಈ ನೋವನ್ನು ಅವನು ಹಲವು ವರ್ಷಗಳ ತರುವಾಯವೂ ಮರೆತಂತೆ ನಟಿಸಲಿಲ್ಲ.

1960ರ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಅಮೆರಿಕದ ತಂಡಕ್ಕೆ ಜೆರಿ ವೆಸ್ಟನೊಡನೆ ಆಸ್ಕರನೂ ನಾಯಕನಾಗಿದ್ದ. ಆ ತಂಡ ಎಂಟು ಪಂದ್ಯಗಳನ್ನೂ ಲೀಲಾಜಾಲವಾಗಿ ಗೆದ್ದು ಸ್ವರ್ಣಪದಕ ಪಡೆಯಿತು. ಅದೇ ವರ್ಷ ಅವನು ವೃತ್ತಿಪರ ಆಟಕ್ಕೆ ಇಳಿದ. ಅಮೆರಿಕದಲ್ಲಿ ಈ ಆಟದ ವೃತ್ತಿಪರ ತಂಡಗಳು ಧನಿಕರ ಒಡೆತನದಲ್ಲಿದ್ದು, ರಾಷ್ಟ್ರೀಯ ಬ್ಯಾಸ್ಕೆಟ್ ಬಾಲ್ ಸಂಘ, ಅಂದರೆ ಎನ್.ಬಿ.ಎ., ಎಂಬ ಕೂಟದೊಳಗೆ ಸೇರಿಕೊಂಡಿವೆ. ಆ ಕಾಲದ ನಿಯಮದಂತೆ, ಒಂದು ಊರಿನ ಕಾಲೇಜಿನಲ್ಲಿ ಬೆಳಗಿದ ಆಟಗಾರನ ಮೇಲೆ ಆ ಸೀಮೆಯ ತಂಡವು ಮೊದಲ ಹಕ್ಕನ್ನು ಸಾಧಿಸಬಹುದಾಗಿತ್ತು. ಸಿನ್ಸಿನಾಟಿ ರಾಯಲ್ಸ್ ತಂಡ ಹಾಗೆ ಆಸ್ಕರನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಎಲ್ಲಿ ಆಡುವೆಯೆಂದು ಅವನನ್ನು ಕೇಳಿದವರಿಲ್ಲ.

1961–62ರ ಋತುವಿನಲ್ಲಿ ಆಸ್ಕರ್ ಆಡಿದ ಆಟವೇ ಇಂದಿಗೂ ದಂತಕಥೆ. ಆ ಇಡೀ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 30.8 ಅಂಕ, 12.5 ರೀಬೌಂಡ್, 11.4 ನೆರವು! ಒಂದೇ ಪಂದ್ಯದಲ್ಲಿ ಈ ಮೂರೂ ಹತ್ತನ್ನು ಮುಟ್ಟಿದರೆ ಅದನ್ನು ಈಗ ‘ಟ್ರಿಪಲ್ ಡಬಲ್’ ಎಂದು ಕರೆದು ಕೊಂಡಾಡುತ್ತಾರೆ. ಆಗ ಆ ಹೆಸರೇ ಹುಟ್ಟಿರಲಿಲ್ಲ. ತಾನು ಅಂಥದೊಂದು ಸಾಧನೆ ಮಾಡುತ್ತಿರುವೆನೆಂದು ಸ್ವತಃ ಆಸ್ಕರನಿಗೂ ಗೊತ್ತಿರಲಿಲ್ಲ. ಒಂದು ಋತುವಿನುದ್ದಕ್ಕೂ ಅದನ್ನೇ ಸರಾಸರಿಯಾಗಿ ಕಾಯ್ದುಕೊಳ್ಳುವುದು ಮನುಷ್ಯಸಾಧ್ಯವಲ್ಲವೆಂದು ಮುಂದಿನ 55 ವರ್ಷ ಜನ ನಂಬಿದ್ದರು. 2017ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಆ ಎತ್ತರವನ್ನು ಮುಟ್ಟಿ, ಒಂದೇ ಋತುವಿನ 41 ಟ್ರಿಪಲ್ ಡಬಲ್‌ಗಳ ಹಳೆಯ ದಾಖಲೆಯನ್ನೂ ಒಂದರಿಂದ ದಾಟಿದ. ಆಗ ವೃದ್ಧ ಆಸ್ಕರ್ ಓಕ್ಲಹೋಮ ನಗರಕ್ಕೆ ಹೋಗಿ, ಪ್ರೇಕ್ಷಕರ ಸಮ್ಮುಖದಲ್ಲಿ ಆ ತರುಣನನ್ನು ಮನಸಾರೆ ಹೊಗಳಿದ. ದಾಖಲೆಯನ್ನು ಕಳೆದುಕೊಂಡವನ ಮುಖ ಅಂದು ಬಾಡಿರಲಿಲ್ಲ.

ಆದರೆ ರಾಯಲ್ಸ್ ತಂಡದಲ್ಲಿ ಆಸ್ಕರನ ಮನಸ್ಸನ್ನು ಕಲಕಿದ ಸಂಗತಿ ಬೇರೊಂದಿತ್ತು. ಅವನು ಸೇರುವುದಕ್ಕೆ ಎರಡು ವರ್ಷ ಮುಂಚೆ, 1958ರ ಮಾರ್ಚ್ ತಿಂಗಳಲ್ಲಿ, ಆ ತಂಡದ ಮೊರೀಸ್ ಸ್ಟೋಕ್ಸ್ ಎಂಬ ಇಪ್ಪತ್ತನಾಲ್ಕು ವರ್ಷದ ಮಹಾಪ್ರತಿಭಾವಂತನು ಆಡುವಾಗ ಉರುಳಿಬಿದ್ದು ತಲೆಗೆ ಪೆಟ್ಟು ತಿಂದಿದ್ದ. ಎದ್ದು ಮತ್ತೆ ಆಡಿದ. ಮೂರು ದಿನಗಳ ಮೇಲೆ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅಸ್ವಸ್ಥನಾಗಿ ಪ್ರಜ್ಞೆತಪ್ಪಿದ. ಎಚ್ಚರವಾದಾಗ ಕೈಕಾಲು ಅಲುಗಾಡುತ್ತಿರಲಿಲ್ಲ. ಅಂಥ ಆಪತ್ತಿಗೆ ಒದಗುವ ವಿಮೆಯಾಗಲಿ ಪಿಂಚಣಿಯಾಗಲಿ ಆ ಕಾಲದ ಆಟಗಾರರಿಗೆ ಇರಲಿಲ್ಲ. ಜೊತೆಗಾರನಾದ ಜಾಕ್ ಟ್ವೈಮನ್ ಎಂಬ ಬಿಳಿಯ ಆಟಗಾರ ಕಾನೂನಿನ ಪ್ರಕಾರ ಸ್ಟೋಕ್ಸನ ಪೋಷಕನಾಗಿ ನಿಂತು, ಅವನ ಆಸ್ಪತ್ರೆಯ ವೆಚ್ಚಕ್ಕಾಗಿ ಹನ್ನೆರಡು ವರ್ಷ ಹಣ ಒದಗಿಸಿದ. ಬೇಸಗೆಯಲ್ಲಿ ಬೇರೆ ಬೇರೆ ತಂಡಗಳ ಆಟಗಾರರು ಒಟ್ಟುಗೂಡಿ ಅವನ ಸಹಾಯಾರ್ಥವಾಗಿ ಪಂದ್ಯವಾಡುತ್ತಿದ್ದರು. ಒಡಹುಟ್ಟಿದವರೂ ಮಾಡಲು ಹಿಂಜರಿಯಬಹುದಾದ ಸೇವೆಯನ್ನು ಟ್ವೈಮನ್ ಮಾಡಿದ. ಆದರೆ ಎಲ್ಲರಿಗೂ ಒಬ್ಬ ಟ್ವೈಮನ್ ದೊರೆಯುತ್ತಾನೆಯೆ? ಆಸ್ಕರ್ ಈ ಟ್ವೈಮನ್ನನ ಜೊತೆಯಲ್ಲಿಯೇ ಆರು ಋತು ಆಡಿದ.

ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ವಾಚಕರಿಗೆ ಪಿಂಚಣಿಯೆಂಬ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಗುಮಾಸ್ತನ ಕೈ ಅರವತ್ತರ ತನಕ ಲೇಖನಿ ಹಿಡಿದೀತು. ಆಟಗಾರನ ಮೊಣಕಾಲು ಮೂವತ್ತೈದಕ್ಕೇ ಸೋಲುತ್ತದೆ. 1964ರ ಜನವರಿ 14ರಂದು ಬಾಸ್ಟನ್ ನಗರದಲ್ಲಿ ಎಲ್ಲ ತಂಡಗಳ ಶ್ರೇಷ್ಠರನ್ನು ಆಯ್ದು ಆಡಿಸುವ ಪಂದ್ಯವಿತ್ತು. ಟೆಲಿವಿಷನ್ನಿನಲ್ಲಿ ದೇಶವೆಲ್ಲ ನೋಡುವುದಕ್ಕೆ ಏರ್ಪಾಡಾಗಿತ್ತು. ಪಿಂಚಣಿಯ ಬೇಡಿಕೆಯನ್ನು ಒಡೆಯರು ವರ್ಷಗಟ್ಟಲೆ ಮುಂದೂಡುತ್ತಲೇ ಬಂದಿದ್ದರು. ಆ ಸಂಜೆ ಆಟಗಾರರು ಉಡುಪು ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು, ಮಾತು ಕೊಡುವವರೆಗೆ ಅಂಗಣಕ್ಕೆ ಇಳಿಯುವುದಿಲ್ಲವೆಂದು ಕುಳಿತರು. ಆಗ ಟಾಮ್ ಹೈನ್‌ಸನ್ ಆಟಗಾರರ ಸಂಘದ ಅಧ್ಯಕ್ಷ. ಆಸ್ಕರ್ ಒಳಗಿನ ಮುಂದಾಳುಗಳಲ್ಲೊಬ್ಬ. ಹೊರಗಿನಿಂದ ಬೆದರಿಕೆಯ ಸಂದೇಶಗಳು ಬಂದವು. ಗಡಿಯಾರ ಓಡುತ್ತಿತ್ತು. ಕಡೆಗೆ ಕೂಟದ ಮುಖ್ಯಾಧಿಕಾರಿ ವಾಲ್ಟರ್ ಕೆನಡಿ ಬಂದು ಪಿಂಚಣಿಗೆ ಭರವಸೆ ಕೊಟ್ಟ ಮೇಲೆಯೇ ಬಾಗಿಲು ತೆರೆಯಿತು. ತಡವಾಗಿ ಆರಂಭವಾದ ಆ ಪಂದ್ಯದಲ್ಲಿ 26 ಅಂಕ, 14 ರೀಬೌಂಡ್ ಗಳಿಸಿ ಶ್ರೇಷ್ಠ ಆಟಗಾರನೆನಿಸಿದವನು ಆಸ್ಕರನೇ.

ಮರುವರ್ಷ, 1965ರಲ್ಲಿ, ಅವನೇ ಆಟಗಾರರ ಸಂಘದ ಅಧ್ಯಕ್ಷನಾದ. ಅಮೆರಿಕದಲ್ಲಿ ಕ್ರೀಡೆಯ ಅಥವಾ ಮನೋರಂಜನೆಯ ರಾಷ್ಟ್ರೀಯ ಕಾರ್ಮಿಕ ಸಂಘವೊಂದಕ್ಕೆ ಕಪ್ಪು ವರ್ಣೀಯನೊಬ್ಬ ಅಧ್ಯಕ್ಷನಾದುದು ಅದೇ ಮೊದಲು. ಒಂಬತ್ತು ವರ್ಷ ಅವನು ಆ ಹೊಣೆಯನ್ನು ಹೊತ್ತ. ಪಿಂಚಣಿಗಿಂತ ಆಳವಾದ ಇನ್ನೊಂದು ಮುಳ್ಳು ಅವನ ಕಣ್ಣಿಗೆ ಬಿದ್ದಿತ್ತು. ಆಟಗಾರನು ಒಂದು ತಂಡದೊಡನೆ ಮಾಡಿಕೊಂಡ ಕರಾರಿನ ಅವಧಿ ಮುಗಿದರೂ ಅವನು ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಒಡೆಯನು ಬಯಸಿದರೆ ಅವನನ್ನು ಇಟ್ಟುಕೊಳ್ಳಬಹುದು, ಬಯಸಿದರೆ ಇನ್ನೊಬ್ಬರಿಗೆ ಮಾರಬಹುದು. ಆಟಗಾರನಿಗೆ ಮಾತ್ರ ಆಯ್ಕೆಯಿಲ್ಲ. ಸಂಬಳವು ಸಾಮಾನ್ಯ ನೌಕರನ ಸಂಬಳಕ್ಕಿಂತ ಹೆಚ್ಚಾಗಿದ್ದಿತು, ನಿಜ. ಆದರೆ ಚಿನ್ನದ ಸರಪಳಿಯೂ ಸರಪಳಿಯೇ ಅಲ್ಲವೆ? ಹಗ್ಗ ಹಿಡಿದವನೊಬ್ಬ, ಎಳೆದತ್ತ ನಡೆಯುವವನೊಬ್ಬ ಎಂಬ ಸ್ಥಿತಿ ಅದು.

1967ರಲ್ಲಿ ಎನ್.ಬಿ.ಎ.ಗೆ ಎದುರಾಳಿಯಾಗಿ ಎ.ಬಿ.ಎ. ಎಂಬ ಇನ್ನೊಂದು ಕೂಟ ಹುಟ್ಟಿಕೊಂಡಿತು. ಎರಡು ಅಂಗಡಿಗಳಿದ್ದಲ್ಲಿ ಸರಕಿಗೆ ಬೆಲೆ ಬರುವಂತೆ ಆಟಗಾರರ ಸಂಬಳ ಏರತೊಡಗಿತು. ಒಡೆಯರಿಗೆ ಇದು ಸಹಿಸಲಿಲ್ಲ. ಎರಡು ಕೂಟಗಳನ್ನೂ ಒಂದಾಗಿಸಲು ಹೊರಟರು. ಒಂದಾದರೆ ಆಟಗಾರನಿಗಿದ್ದ ಒಂದೇ ಕಿಟಕಿಯೂ ಮುಚ್ಚಿಹೋಗುತ್ತಿತ್ತು. 1970ರ ಏಪ್ರಿಲ್ ತಿಂಗಳಲ್ಲಿ, ಹದಿನಾಲ್ಕು ತಂಡಗಳಿಂದ ಒಬ್ಬೊಬ್ಬರಂತೆ ಹದಿನಾಲ್ಕು ಮಂದಿ ಆಟಗಾರರು ನ್ಯಾಯಾಲಯಕ್ಕೆ ಹೋದರು. ಅಧ್ಯಕ್ಷನ ಹೆಸರೇ ದಾವೆಯ ತಲೆಯ ಮೇಲೆ ನಿಂತಿತು: ‘ರಾಬರ್ಟ್‌ಸನ್ ವಿರುದ್ಧ ಎನ್.ಬಿ.ಎ.’ ವಿಚಿತ್ರವೆಂದರೆ, ಹನ್ನೆರಡು ವರ್ಷ ನಿಶ್ಚಲನಾಗಿ ಮಲಗಿದ್ದ ಮೊರೀಸ್ ಸ್ಟೋಕ್ಸ್ ಕಣ್ಣುಮುಚ್ಚಿದ್ದೂ ಅದೇ ಏಪ್ರಿಲ್ ತಿಂಗಳಲ್ಲಿಯೇ.

ತನ್ನ ಅನ್ನದ ಬಟ್ಟಲು ಕೊಡುವವರ ವಿರುದ್ಧವೇ ಕಟಕಟೆ ಹತ್ತುವುದು ಸುಲಭದ ಮಾತಲ್ಲ. ಅದೇ ತಿಂಗಳಲ್ಲಿ ರಾಯಲ್ಸ್ ತಂಡದವರು ಹತ್ತು ವರ್ಷ ತಮಗಾಗಿ ಬೆವರು ಸುರಿಸಿದ ಆಸ್ಕರನನ್ನು ಇಬ್ಬರು ಆಟಗಾರರ ಬದಲಿಗೆ ಮಿಲ್ವಾಕಿ ಬಕ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಆ ಹತ್ತು ವರ್ಷಗಳಲ್ಲಿ ಅವನಿಗೆ ಒಂದು ಬಾರಿಯೂ ಅಗ್ರಪ್ರಶಸ್ತಿಯ ಯೋಗ ಕೂಡಿಬಂದಿರಲಿಲ್ಲ. 1959ರಿಂದ 1966ರವರೆಗೆ ಎಡೆಬಿಡದೆ ಎಂಟು ವರ್ಷ ಗೆದ್ದ ಬಾಸ್ಟನ್ ಸೆಲ್ಟಿಕ್ಸ್ ತಂಡವು ಎಲ್ಲರ ಹಾದಿಗೂ ಬೆಟ್ಟವಾಗಿ ನಿಂತಿತ್ತು. ಮಿಲ್ವಾಕಿಯಲ್ಲಿ ಆಸ್ಕರನಿಗಾಗಿ ಕಾದಿದ್ದವನು ಏಳಡಿಗೂ ಮಿಕ್ಕಿದ ಎತ್ತರದ ತರುಣ ಲ್ಯೂ ಆಲ್ಸಿಂಡರ್. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದವನು. ಹಿರಿಯನು ಚೆಂಡು ದಾಟಿಸಿದ, ಕಿರಿಯನು ಬುಟ್ಟಿಗೆ ಹಾಕಿದ. ಆ ತಂಡ 82 ಪಂದ್ಯಗಳಲ್ಲಿ 66ನ್ನು ಗೆದ್ದು, 1971ರ ಅಂತಿಮ ಸರಣಿಯಲ್ಲಿ ಬಾಲ್ಟಿಮೋರ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಮೂವತ್ತೆರಡು ವರ್ಷದ ಆಸ್ಕರ್ ಕೊನೆಗೂ ಚಾಂಪಿಯನ್ ತಂಡದವನೆನಿಸಿಕೊಂಡ. ಅದೇ ವರ್ಷ ಅವನು ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತು, ಕೂಟಗಳನ್ನು ಒಂದುಗೂಡಿಸುವುದರ ವಿರುದ್ಧ ಸಾಕ್ಷ್ಯ ಹೇಳಿದ.

1974ರಲ್ಲಿ ಬಕ್ಸ್ ಮತ್ತೊಮ್ಮೆ ಅಂತಿಮ ಸರಣಿಯನ್ನು ಮುಟ್ಟಿತು. ಏಳನೆಯ ಪಂದ್ಯದಲ್ಲಿ ಆಸ್ಕರ್ ಬುಟ್ಟಿಗೆ ಗುರಿಯಿಟ್ಟ ಹದಿಮೂರು ಎಸೆತಗಳಲ್ಲಿ ಎರಡು ಮಾತ್ರ ಫಲಿಸಿದವು, ತಂಡ ಸೋತಿತು. ಮೈ ಮುದಿಯಾಗಿತ್ತು. ಅದೇ ಅವನ ಕೊನೆಯ ಪಂದ್ಯ. 1,040 ಪಂದ್ಯಗಳು, 26,710 ಅಂಕಗಳು, 9,887 ನೆರವುಗಳು. ಅವನಷ್ಟು ಬಾರಿ ಜೊತೆಗಾರರಿಗೆ ಹಾದಿ ಮಾಡಿಕೊಟ್ಟವರು ಆವರೆಗೆ ಇನ್ನೊಬ್ಬರಿರಲಿಲ್ಲ. ಆ ನೆರವುಗಳ ದಾಖಲೆಯನ್ನು 1991ರಲ್ಲಿ ಮ್ಯಾಜಿಕ್ ಜಾನ್ಸನ್ ದಾಟುವವರೆಗೆ ಅದು ಆಸ್ಕರನ ಹೆಸರಿನಲ್ಲಿಯೇ ಉಳಿದಿತ್ತು. ಇಷ್ಟು ಬಲ್ಲವನನ್ನು ತಂಡವೊಂದರ ಶಿಕ್ಷಕನಾಗಿ ಕರೆಯಲು ಒಡೆಯರು ಸಾಲುಗಟ್ಟಬೇಕಾಗಿತ್ತು. ಯಾರೂ ಕರೆಯಲಿಲ್ಲ. ಟೆಲಿವಿಷನ್ನಿನಲ್ಲಿ ಆಟವನ್ನು ವಿವರಿಸುವ ಕೆಲಸವೊಂದು ದೊರಕಿತು. ಅದೂ ಒಂದು ಋತುವಿಗೆ ಮುಗಿಯಿತು. ದಾವೆ ಹೂಡಿದ್ದಕ್ಕೆ ತೆತ್ತ ಬೆಲೆ ಇದು ಎಂಬುದು ಆಸ್ಕರನ ನಂಬಿಕೆ. ಅದನ್ನು ಅವನು ಮುಚ್ಚಿಡಲಿಲ್ಲ. ಅದಕ್ಕಾಗಿ ಗೋಳಾಡಲೂ ಇಲ್ಲ.

ಇತ್ತ ದಾವೆಯು ನ್ಯಾಯಮೂರ್ತಿ ರಾಬರ್ಟ್ ಕಾರ್ಟರರ ಮುಂದೆ ಬಂದಿತ್ತು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತ ಪ್ರಖ್ಯಾತ ಮೊಕದ್ದಮೆಯಲ್ಲಿ ವಾದಿಸಿದ ವಕೀಲರಲ್ಲಿ ಈ ಕಾರ್ಟರರೂ ಒಬ್ಬರು. ಬೇರ್ಪಡಿಸಿದ ಶಾಲೆಯಲ್ಲಿ ಓದಿದ ಹುಡುಗನ ಅಹವಾಲು, ಬೇರ್ಪಡಿಸುವಿಕೆಯನ್ನು ಕೆಡಹಲು ಹೋರಾಡಿದವರ ಪೀಠಕ್ಕೇ ಬಂದು ಸೇರಿದ್ದನ್ನು ಏನೆಂದು ಕರೆಯೋಣ? 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಮೇಲೂ ಆಟಗಾರನನ್ನು ಕಟ್ಟಿಹಾಕುತ್ತಿದ್ದ ಷರತ್ತನ್ನು ಕೈಬಿಡಲು ಒಡೆಯರು ಒಪ್ಪಿದರು. ಅದರ ಬಳಿಕವೇ ಎ.ಬಿ.ಎ.ಯ ನಾಲ್ಕು ತಂಡಗಳು ಎನ್.ಬಿ.ಎ.ಯೊಳಕ್ಕೆ ಬಂದವು. ಹಂತಹಂತವಾಗಿ ಬೆಳೆದ ಆ ಸ್ವಾತಂತ್ರ್ಯ 1988ರ ವೇಳೆಗೆ, ಕರಾರು ತೀರಿಸಿದ ಅನುಭವಿ ಆಟಗಾರ ಇಷ್ಟಬಂದ ತಂಡಕ್ಕೆ ಹೋಗಬಹುದೆಂಬ ಮಟ್ಟ ಮುಟ್ಟಿತು. ಇಂದು ಹತ್ತು ಕೋಟಿ ಡಾಲರುಗಳನ್ನು ಮೀರಿದ ಕರಾರುಗಳಿಗೆ ರುಜು ಹಾಕುವ ತರುಣರು ಉಣ್ಣುತ್ತಿರುವುದು ಆ ಮರದ ಫಲವನ್ನೇ. ನೆಟ್ಟವನು ಅದರ ಒಂದು ಹಣ್ಣನ್ನೂ ಕಿತ್ತು ತಿನ್ನಲಿಲ್ಲ. ರಾಜಿಯಾಗುವ ಹೊತ್ತಿಗೆ ಅವನು ಆಟ ಬಿಟ್ಟು ಎರಡು ವರ್ಷವಾಗಿತ್ತು.

ಬ್ಯಾಸ್ಕೆಟ್ ಬಾಲ್ ಲೋಕವು 1980ರಲ್ಲಿ ಅವನ ಹೆಸರನ್ನು ತನ್ನ ಕೀರ್ತಿಭವನದಲ್ಲಿ ಬರೆದು ಗೌರವಿಸಿತು. ಅವನಾದರೋ ಹಳೆಯ ಪದಕಗಳನ್ನು ನೋಡುತ್ತ ಕೂಡಲಿಲ್ಲ. 1981ರಲ್ಲಿ ಸಿನ್ಸಿನಾಟಿಯಲ್ಲಿ ರಾಸಾಯನಿಕಗಳ ಕಂಪನಿಯೊಂದನ್ನು ಸ್ಥಾಪಿಸಿ ಉದ್ಯಮಿಯಾದ. 1960ರಲ್ಲಿ ಕೈಹಿಡಿದ ಪತ್ನಿ, ಮೂವರು ಹೆಣ್ಣುಮಕ್ಕಳು, ನೆಮ್ಮದಿಯ ಸಂಸಾರ. ಅಷ್ಟರಲ್ಲಿ ಒಬ್ಬ ಮಗಳನ್ನು ಲೂಪಸ್ ಎಂಬ ಕಾಯಿಲೆ ಹಿಡಿಯಿತು. ದೇಹವು ತನ್ನನ್ನು ತಾನೇ ಶತ್ರುವೆಂದು ಬಗೆದು ಕಾದಾಡುವ ಕಾಯಿಲೆ ಅದು. ಅವಳ ಮೂತ್ರಪಿಂಡಗಳು ಸೋತುಹೋದವು. 1997ರಲ್ಲಿ, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಆಸ್ಕರ್ ತನ್ನ ಒಂದು ಮೂತ್ರಪಿಂಡವನ್ನು ಅವಳಿಗೆ ಕೊಟ್ಟ. ಪತ್ರಿಕೆಗಳು ಅವನನ್ನು ವೀರನೆಂದು ಕರೆದವು. ತಾನು ವೀರನೇನೂ ಅಲ್ಲ, ತಂದೆಯಷ್ಟೆ ಎಂಬುದು ಅವನ ಉತ್ತರವಾಗಿತ್ತು. ಅಂಗದಾನದ ಅವಶ್ಯಕತೆಯನ್ನು ಜನರಿಗೆ ತಿಳಿಯಹೇಳುವ ಕೆಲಸಕ್ಕೂ ಅನಂತರ ಕೈಹಾಕಿದ.

ಈ ಬಾಳನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪಂದ್ಯದಲ್ಲಿ ಅವನು ನೀಡಿದ 9,887 ನೆರವುಗಳನ್ನು ಗುಮಾಸ್ತರು ಒಂದೊಂದಾಗಿ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರು. ಬಾಸ್ಟನ್ನಿನ ಕೋಣೆಯಲ್ಲಿ ಜೊತೆಗಾರರೊಡನೆ ಗಳಿಸಿಕೊಟ್ಟ ಪಿಂಚಣಿಯ ಭರವಸೆಯನ್ನು, ನ್ಯಾಯಾಲಯದಲ್ಲಿ ಬಿಡಿಸಿದ ಕಟ್ಟನ್ನು, ಮಗಳಿಗಿತ್ತ ಅಂಗವನ್ನು ಯಾವ ಪಟ್ಟಿಯಲ್ಲಿಯೂ ಎಣಿಸಿಲ್ಲ. ಆದರೆ ಅವೆಲ್ಲವೂ ಒಂದೇ ಕುಲದವು. ಚೆಂಡು ಕೈಯಲ್ಲಿದ್ದಾಗ, ಅದು ಯಾರ ಕೈಯಲ್ಲಿದ್ದರೆ ಹೆಚ್ಚು ಸಾರ್ಥಕವೆಂದು ನೋಡಿ, ಅತ್ತ ದಾಟಿಸಿಬಿಡುವ ಅಭ್ಯಾಸವದು. ಹುಡುಗನಾಗಿದ್ದಾಗ ಅಂಗಳದಲ್ಲಿ ಕಲಿತದ್ದು ಕೊನೆಯವರೆಗೂ ಅವನ ಕೈಬಿಡಲಿಲ್ಲ.

ಇಂಡಿಯಾನಾಪೊಲಿಸ್ ನಗರಕ್ಕೂ ಕಾಲಾಂತರದಲ್ಲಿ ತನ್ನ ತಪ್ಪು ತಿಳಿಯಿತು. ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಪ್ರಸಿದ್ಧ ಮೋಟಾರು ಪಂದ್ಯದ ಸಂದರ್ಭದಲ್ಲಿ ಅಲ್ಲಿ ಭಾರಿ ಮೆರವಣಿಗೆಯೊಂದು ಹೊರಡುತ್ತದೆ. 2015ರಲ್ಲಿ ಆ ಮೆರವಣಿಗೆಯ ಅಗ್ರಸ್ಥಾನದ ಗೌರವವನ್ನು 1955ರ ಆಟಕ್ಸ್ ತಂಡಕ್ಕೆ ಸಲ್ಲಿಸಿದರು. ಅಂದು ಹುಡುಗರಾಗಿದ್ದವರು ಈಗ ತಲೆನರೆತ ಅಜ್ಜಂದಿರು. ಅವರಲ್ಲಿ ಕೆಲವರು ಈ ದಿನವನ್ನು ಕಾಣಲು ಉಳಿದಿರಲಿಲ್ಲ. ಉಳಿದವರು ನಗರದ ನಡುಬೀದಿಗಳಲ್ಲಿ, ಬಿಳಿಯರೂ ಕರಿಯರೂ ಕೂಡಿ ನಿಂತ ಜನಸಂದಣಿಯ ನಡುವೆ, ಚಪ್ಪಾಳೆಗಳನ್ನು ಕೇಳುತ್ತ ಸಾಗಿದರು. ಅರವತ್ತು ವರ್ಷಗಳ ಹಿಂದೆ ಮೆರವಣಿಗೆಯನ್ನು ಬಿಟ್ಟು ತಂದೆಯ ಮನೆಗೆ ನಡೆದುಹೋಗಿದ್ದ ಹುಡುಗ ಈ ಬಾರಿ ಬಿಟ್ಟುಹೋಗಲಿಲ್ಲ.